ಮೊದಲನೆಯದು ಚೆನ್ನಾಗಿದೆ

"ಕೈ ಕೊಡಿ."

"ಇಷ್ಟು ಬೇಗನಾ? ಮೊದಲು ಹೆಸರಾದ್ರೂ ಹೇಳಿ ಮ್ಬಾಕ್!"

ಅಕ್ಕ ಎನ್ನುವ ಹಾಗೆ ಮ್ಬಾಕ್ ಎಂದು ಎಲ್ಲರೂ ಕರೆಯುತ್ತಾರೆ, ಆದರೂ ಸೂಜಿ ಹಿಡಿದಿದ್ದ ವೆನಿಂಗ್ ಥಟ್ಟನೆ ತಲೆ ಎತ್ತಿದಳು.

ತುರ್ತು ವಿಭಾಗದ ಮಂಚದ ಮೇಲೆ ಕೂತಿದ್ದವನ ಎದೆಯ ತುಂಬ ಇಸಿಜಿಯ ಅಂಟುಬಿಲ್ಲೆಗಳು. ಮುಖ ಬಿಳಚಿಕೊಂಡಿತ್ತು. ತುಟಿಯ ಮೇಲೆ ಬೆವರಿನ ಹನಿಗಳು. ಆದರೂ ನಗುತ್ತಿದ್ದ! ಜಾವಾದ ಸೋಲೊ ಊರಿನಲ್ಲಿ ಬೆಳಗಿನ ನಮಾಜಿನ ಕೂಗು ಆಗಷ್ಟೇ ಮುಗಿದಿತ್ತು. ಆ ಹೊತ್ತಿನಲ್ಲಿ, ಎದೆನೋವಿನಲ್ಲಿ, ಯಾರಾದರೂ ಹೀಗೆ ನಗುತ್ತಾರೆಯೇ?

"ವೆನಿಂಗ್. ಲ್ಯಾಬಿನವಳು," ಎಂದಳು, ಚುಟುಕಾಗಿ.

"ನಾನು ಜಾತ್ಮಿಕೊ. ಲಾರಿಗಳ ಹಿಂದೆ ಚಿತ್ರ ಬರೀತೀನಿ. ಕಾರ್ತಾಸುರ ಸರ್ಕಲ್ ದಾಟೋ ಲಾರಿಗಳಲ್ಲಿ ಅರ್ಧ ನನ್ನವೇ. ಹೆಂಡ್ತಿ ಹತ್ರ ಬೈಸ್ಕೊಂಡ ಡ್ರೈವರ್‌ಗಳ ಗೋಳೆಲ್ಲ ನಾನೇ ಬರ್ದಿರೋದು."

"ಮಾತು ಸಾಕು ಮಗಾ," ಪಕ್ಕದಲ್ಲಿ ನಿಂತಿದ್ದ ಅವನ ತಾಯಿ, ಊರವರೆಲ್ಲ 'ಬು', ಅಂದರೆ ಅಮ್ಮ, ಎನ್ನುವ ಬು ಸುಮಾರ್ಸಿ ಗದರಿದರು. "ಏನಿಲ್ಲ ಮಗಳೇ, ಎದೇಲಿ ಗಾಳಿ ಕೂತಿದೆ ಅಷ್ಟೇ. ಗಾಳಿ ಇಳೀಲಿ ಅಂತ ಬೆನ್ನನ್ನ ನಾಣ್ಯದಲ್ಲಿ ಚೆನ್ನಾಗಿ ಉಜ್ಜಿದೀನಿ. ಚಿಕ್ಕ ಮಗಳು ಹಟ ಮಾಡಿದ್ಲು ಅಂತ ಇಲ್ಲಿಗೆ ಕರ್ಕೊಂಡು ಬಂದೆ."

ಉಜ್ಜಿದ್ದು ವೆನಿಂಗ್‌ಗೆ ಆಗಲೇ ಕಾಣಿಸಿತ್ತು. ಅವನ ಬೆನ್ನಿನ ಮೇಲೆ, ಹುಲಿಪಟ್ಟೆಯ ಹಾಗೆ, ಕೆಂಪು ಗೆರೆಗಳು. ಮುಲಾಮಿನ ಘಾಟು. ಅವಳ ಅಜ್ಜಿಯೂ ಉಜ್ಜುತ್ತಿದ್ದರು, ಊರೆಲ್ಲ ಉಜ್ಜುತ್ತದೆ. ನೆಗಡಿಗೆ, ಮೈಕೈ ನೋವಿಗೆ ಹಾಯೆನಿಸುವುದೂ ನಿಜ. ಆದರೆ...

"ನೋವು ಯಾವಾಗ ಶುರುವಾಯ್ತು?"

"ಈಗ ಸ್ವಲ್ಪ ಮುಂಚೆ. ಅನ್ನದ ಹಂಡೆ ಎತ್ತುವಾಗ. ಮನೇಲಿ ಮದುವೆ."

"ಸಿಗರೇಟು?"

"ಲವಂಗದ್ದು. ಲೆಕ್ಕ ಕೇಳ್ಬೇಡಿ, ಅಮ್ಮ ಇಲ್ಲೇ ಇದ್ದಾರೆ."

"ಅಪ್ಪ?"

ನಗು ಒಂದು ಕ್ಷಣ ಅಳುಕಿತು. "ಇಲ್ಲ. ಅವರೂ ಹೀಗೇ... ಗಾಳಿ ಕೂತು ಹೋದರು. ಆಗ ಅವರಿಗೆ ನನ್ನಷ್ಟೇ ವಯಸ್ಸು."

ವೆನಿಂಗ್ ಅವನ ತೋಳಿಗೆ ಪಟ್ಟಿ ಬಿಗಿದಳು. ನರ ಹುಡುಕಿ ರಕ್ತ ತೆಗೆದಳು. ಅವನು ಸೂಜಿಯನ್ನು ನೋಡಲಿಲ್ಲ, ಇಡೀ ಹೊತ್ತು ಅವಳನ್ನೇ ನೋಡುತ್ತಿದ್ದ.

ಯಾಕೆ ಹೀಗೆ ನೋಡ್ತಾನೆ! ದಿನಕ್ಕೆ ಎಷ್ಟು ಜನರ ಕೈ ಹಿಡಿಯುತ್ತೇನೆ ನಾನು... ಇವನ ಕೈ ಮಾತ್ರ ಯಾಕೆ ಬೇರೆ ಅನ್ನಿಸಬೇಕು?

* * *

ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದರೆ ಟ್ರೊಪೋನಿನ್ ಎಂಬ ಅಂಶ ಮೆಲ್ಲಗೆ ರಕ್ತಕ್ಕೆ ಜಿನುಗುತ್ತದೆ. ಮೆಲ್ಲಗೆ! ಅದೇ ಅದರ ಮೋಸ. ನೋವು ಬಂದ ಕೂಡಲೇ ನೋಡಿದರೆ ಏನೂ ಕಾಣಿಸದೇ ಇರಬಹುದು. ಆದ್ದರಿಂದಲೇ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ರಕ್ತ ತೆಗೆಯಬೇಕು. ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಎರಡನೆಯದು ಏರಿದೆಯೋ ಇಲ್ಲವೋ, ಅದನ್ನು ನೋಡಬೇಕು.

ವೆನಿಂಗ್‌ಗೆ ಇದು ಉಸಿರಾಟದಷ್ಟು ಪರಿಚಿತ.

ಜಾತ್ಮಿಕೊನ ಮೊದಲ ಫಲಿತಾಂಶ ಪರದೆಯ ಮೇಲೆ ಮೂಡಿತು. ಹನ್ನೊಂದು. ಮಿತಿಯೊಳಗೇ ಇದೆ. ಇಸಿಜಿಯಲ್ಲೂ ಖಚಿತವಾಗಿ ಏನೂ ಇಲ್ಲ. ವರದಿಯನ್ನು ತುರ್ತು ವಿಭಾಗದ ಡಾಕ್ಟರ್ ಲಾರಸ್ ಅವರಿಗೆ ಕಳಿಸಿ ಅವಳು ಕಾರಿಡಾರಿಗೆ ಬಂದಳು.

ಅವನು ಅಲ್ಲೇ ಇದ್ದ, ಗೋಡೆ ಹಿಡಿದುಕೊಂಡು.

"ಯಾಕೆ ಎದ್ದು ಬಂದ್ರಿ? ಮಲಗಿ!"

"ಮ್ಬಾಕ್ ವೆನಿಂಗ್... ಒಂದು ಮಾತು. ಇವತ್ತು ನನ್ನ ತಂಗಿ ಸೆಕಾರ್‌ಳ ನಿಕಾಹ್. ಅಪ್ಪ ಇಲ್ಲ, ಅಜ್ಜ ಇಲ್ಲ. ಅವಳ ವಲಿ ನಾನೇ. ಗಂಡಿನ ಕೈ ಹಿಡಿದು 'ನನ್ನ ತಂಗಿಯನ್ನು ನಿನಗೆ ಕೊಟ್ಟೆ' ಅಂತ ನಾನೇ ಹೇಳಬೇಕು. ಅಪ್ಪನ ಸಮಾಧಿ ಮುಂದೆ ನಿಂತು ಮಾತು ಕೊಟ್ಟಿದೀನಿ." ಈ ಸಲ ಅವನು ನಗಲಿಲ್ಲ. "ರಿಪೋರ್ಟ್ ಏನಾಯ್ತು, ಹೇಳಿ."

ಲ್ಯಾಬಿನವರು ರೋಗಿಗೆ ಫಲಿತಾಂಶ ಹೇಳಬಾರದು. ಅದು ವೈದ್ಯರ ಕೆಲಸ. ಇದು ನಿಯಮ. ಕೆಲಸಕ್ಕೆ ಸೇರಿದಾಗಿನಿಂದ ವೆನಿಂಗ್ ಒಮ್ಮೆಯೂ ತಪ್ಪಿದವಳಲ್ಲ. ಒಂದು ಮಾತಾಡುವ ಮುಂಚೆ ನಾಲ್ಕು ಸಲ ತೂಗುವವಳು ಅವಳು. 'ನಿನ್ನ ಬಾಯಿಂದ ಮಾತು ಬರೋಷ್ಟರಲ್ಲಿ ಟೀ ಆರಿ ಹೋಗುತ್ತೆ' ಎಂದು ಗೆಳತಿಯರು ಗೇಲಿ ಮಾಡುತ್ತಿದ್ದರು.

ಆದರೆ ಆ ಕಣ್ಣುಗಳು... ಅಷ್ಟು ಹೊತ್ತು ತಮಾಷೆಯ ಹಿಂದೆ ಅಡಗಿದ್ದ ಆ ಭಯ...

"ಮೊದಲನೆಯದು ಚೆನ್ನಾಗಿದೆ," ಎಂದುಬಿಟ್ಟಳು.

ಅವನ ಮುಖದಲ್ಲಿ ಬೆಳಕು ಹರಿಯಿತು! ಅದನ್ನು ನೋಡಿ ವೆನಿಂಗ್ ಕೂಡ ನಕ್ಕಳು. 'ಆದರೆ ಇನ್ನೊಂದು ಸಲ ನೋಡಬೇಕು' ಎಂಬ ಉಳಿದರ್ಧ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಅಪಘಾತವಾದವರನ್ನು ತಂದಿದ್ದರು, ರಕ್ತದ ಗುಂಪು ನೋಡಬೇಕಿತ್ತು.

ಅವಳು ಓಡಿದಳು.

ಎರಡನೇ ಸಲ ರಕ್ತ ತೆಗೆಯಲು ತಟ್ಟೆ ಹಿಡಿದು ಬಂದಾಗ ಮಂಚ ಖಾಲಿ! ಹೊದಿಕೆಯ ಮೇಲೆ ಕಿತ್ತೆಸೆದ ಅಂಟುಬಿಲ್ಲೆಗಳು ಮಾತ್ರ ಬಿದ್ದಿದ್ದವು.

"ಎಲ್ಲಿ ಅವರು?"

"ಆಗಲೇ ಹೋದ್ರು," ನರ್ಸ್ ತುತಿಕ್ ನಿಟ್ಟುಸಿರಿಟ್ಟಳು. "ಡಾಕ್ಟರ್ ಆ ಆಕ್ಸಿಡೆಂಟ್ ಕೇಸಲ್ಲಿದ್ರು. ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ, ಸ್ವಂತ ಜವಾಬ್ದಾರಿ ಅಂತ ಸಹಿ ಹಾಕಿ ಹೊರಟೇ ಬಿಟ್ರು. 'ಲ್ಯಾಬಿನ ಮ್ಬಾಕ್ ಚೆನ್ನಾಗಿದೆ ಅಂದ್ರು' ಅಂತ ಅವರಮ್ಮ ಹೇಳ್ತಿದ್ರು... ಯಾರು ಕಣೇ ಹಾಗೆ ಹೇಳಿದ್ದು?"

ವೆನಿಂಗ್ ತಟ್ಟೆಯನ್ನು ಖಾಲಿ ಮಂಚದ ಮೇಲಿಟ್ಟಳು.

ನಾನು... ನಾನೇ!

* * *

ಯಾರೂ ಕೇಳುವ ಮುಂಚೆಯೇ ಅವಳು ಲ್ಯಾಬಿನ ಮುಖ್ಯಸ್ಥೆ ಬು ನಾನಿಕ್ ಅವರ ಮುಂದೆ ನಿಂತಳು. ಎಲ್ಲವನ್ನೂ ಹೇಳಿದಳು.

ಬು ನಾನಿಕ್ ಕನ್ನಡಕ ತೆಗೆದರು. "ನೀನಾ? ನೀನು ಹೇಳಿದ್ಯಾ? ಬೇರೆ ಯಾರೇ ಆಗಿದ್ರೂ ನಂಬ್ತಿದ್ದೆ."

"ಫೋನ್ ಮಾಡಿದೆ ಬು. ಎತ್ತುತ್ತಿಲ್ಲ."

"ಮದುವೆ ಮನೇಲಿ ಯಾರು ಎತ್ತುತ್ತಾರೆ! ಹೋಗು. ಮನೆಗೇ ಹೋಗಿ ರಕ್ತ ತಗೊಂಡು ಬಾ. ವಾಪಸ್ ಕರ್ಕೊಂಡು ಬರೋಕಾದ್ರೆ ಇನ್ನೂ ಒಳ್ಳೇದು. ನಿನ್ನ ವಿಚಾರಣೆ ಆಮೇಲೆ."

ಸ್ಕೂಟರಿನ ಮೇಲೆ ಅವಳ ಮನಸ್ಸು ಚಕ್ರಕ್ಕಿಂತ ಜೋರಾಗಿ ಓಡಿತು. ಕೆಂಪು ದೀಪ. ಮತ್ತೊಂದು ಕೆಂಪು ದೀಪ. ಈಗ ಅವನು ಹಂಡೆ ಎತ್ತುತ್ತಿದ್ದರೆ? ಕುರ್ಚಿ ಜೋಡಿಸುತ್ತಿದ್ದರೆ? ಮುಂದೆ ಒಂದು ಲಾರಿ, ಅದರ ಹಿಂದೆ ಅಳುವ ಕಣ್ಣಿನ ಹೆಣ್ಣಿನ ಚಿತ್ರ. ಅವನದ್ದೇ ಇರಬಹುದೇ? ನೋಡಲಾಗದೆ ಮುಖ ತಿರುಗಿಸಿದಳು.

ಮದುವೆ ಮನೆಯ ಮುಂದೆ ತೆಂಗಿನ ಗರಿಯ ಕಮಾನು. ಧ್ವನಿವರ್ಧಕದಲ್ಲಿ ಗಮೆಲಾನ್ ವಾದ್ಯ. ವೆನಿಂಗ್ ಒಳಗೆ ಕಾಲಿಟ್ಟಿದ್ದೇ ತಡ, ಹೆಂಗಸರ ಗುಂಪು ಮುತ್ತಿಕೊಂಡಿತು.

"ಯಾರನ್ನ ನೋಡ್ಬೇಕಮ್ಮಾ?"

"ಮಾಸ್ ಜಾತ್ಮಿಕೊ ಅವರನ್ನ..." ಅಣ್ಣ ಎನ್ನುವ ಮರ್ಯಾದೆಯ 'ಮಾಸ್' ಸೇರಿಸಿಯೇ ಹೇಳಿದಳು.

"ಓಹೋ!" ದಪ್ಪನೆಯ ಅತ್ತೆಯೊಬ್ಬರು ಕಣ್ಣು ಅರಳಿಸಿದರು. "ಅಂತೂ ಬಂದ್ಲು ನೋಡ್ರೇ! ಮದುವೆ ಬೇಡ ಬೇಡ ಅಂತಿದ್ದ ಕಳ್ಳ, ಇಷ್ಟು ಚೆಂದದ ಹುಡುಗೀನ ಬಚ್ಚಿಟ್ಟಿದ್ದ!"

"ಅಯ್ಯೋ, ಅಲ್ಲ, ನಾನು ಆಸ್ಪತ್ರೆಯಿಂದ..."

"ನರ್ಸಾ? ಒಳ್ಳೇದೇ ಆಯ್ತು, ಅವರಮ್ಮನಿಗೆ ಬಿ.ಪಿ. ಇದೆ. ಕೂತ್ಕೋ ಕೂತ್ಕೋ. ಟೀ ಕೊಡ್ರೇ!"

ಸಿಹಿ ಮಲ್ಲಿಗೆ ಟೀ ಬಂತು. ಬೆಲ್ಲ ಹಾಕಿದ ಅಂಟಕ್ಕಿಯ ಸಿಹಿ ಬಂತು. ಬಂದವರು ಕೂರಬೇಕು, ಒಂದು ಗುಟುಕಾದರೂ ಕುಡಿಯಬೇಕು, ಕ್ಷೇಮ ಕೇಳಬೇಕು, ಹವೆಯ ಮಾತಾಡಬೇಕು, ಆಮೇಲೆ ಬಂದ ಕಾರಣ ಹೇಳಬೇಕು. ಹುಟ್ಟಿದಾಗಿನಿಂದ ಕಲಿತದ್ದು ಅದನ್ನೇ. ಒಂದು ಗುಟುಕು ಕುಡಿದು ಅವಳು ಒಳಬಾಗಿಲಿನ ಕಡೆ ಕತ್ತು ಚಾಚಿದಳು. ಹೊತ್ತು ಸರಿಯುತ್ತಿದೆ... ಅವನ ಎದೆಯಲ್ಲಿ ಏನು ನಡೆಯುತ್ತಿದೆಯೋ... ನಾನಿಲ್ಲಿ ಅಂಟಕ್ಕಿ ಚೆನ್ನಾಗಿದೆ ಎನ್ನುತ್ತಾ ಕೂತಿದ್ದೇನೆ!

"ಅರೆ, ಮ್ಬಾಕ್ ವೆನಿಂಗ್!"

ಕಪ್ಪು ಮದುವೆ ಕೋಟು, ತಲೆಗೆ ಬಾಟಿಕ್ ಪೇಟ. ಜಾತ್ಮಿಕೊ ಕಂಬಕ್ಕೊರಗಿ ನಿಂತಿದ್ದ. ಆ ಉಡುಪಿನಲ್ಲಿ ಅವನು ಎಷ್ಟು ಚೆಂದ ಕಾಣುತ್ತಿದ್ದ ಎಂಬುದು ಅವಳಿಗೆ ಆ ಗಾಬರಿಯಲ್ಲೂ ಹೊಳೆಯಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ತುಟಿಯ ಮೇಲೆ ಅದೇ ಬೆವರು.

"ಅತ್ತೆ ಹೇಳಿದ್ರು, ನನ್ನ ಹುಡುಗಿ ಬಂದಿದ್ದಾಳೆ ಅಂತ. ನನಗೇ ಗೊತ್ತಿರ್ಲಿಲ್ಲ. ಓಡಿ ಬಂದೆ!"

"ಓಡಬೇಡಿ!" ಚೀರಿದಳು. ಆಮೇಲೆ ದನಿ ತಗ್ಗಿಸಿ, "ನೋವು ಹೋಗಿದ್ಯಾ?"

"ಸ್ವಲ್ಪ... ಇದೆ. ಅಮ್ಮ ಮತ್ತೆ ಉಜ್ಜಿದ್ರು."

"ಮಾಸ್, ಎರಡನೇ ಸಲ ರಕ್ತ ನೋಡಲೇಬೇಕು. ನಾನು ಹೇಳಿದ್ದು ಅರ್ಧ ಮಾತು. ದಯವಿಟ್ಟು ವಾಪಸ್ ಬನ್ನಿ."

"ಕಾಜಿ ಇನ್ನೊಂದು ನಿಕಾಹ್ ಮುಗಿಸಿ ಬರಬೇಕು. ನಾನು ಈಗ ಹೋದ್ರೆ ಬಂದವರ ಮುಂದೆ ನನ್ನ ತಂಗಿ ಏನಾಗಬೇಕು?" ಅವನು ಅವಳನ್ನೇ ದಿಟ್ಟಿಸಿದ. "ಒಂದು ನಿಜ ಹೇಳಿ. ಬಾಯಿ ತಪ್ಪಿ ಹೇಳಿದ್ದಕ್ಕೆ ಬೈಸ್ಕೊಂಡ್ರಾ? ಕೆಲಸ ಹೋಗುತ್ತೆ ಅಂತ ಭಯಾನಾ?"

ಅಲ್ಲ! ನೀವು ಹೋಗಿಬಿಡ್ತೀರಿ ಅಂತ ಭಯ! ಅವಳ ಒಳಮನಸ್ಸು ಕೂಗಿತು. ಸುತ್ತ ಅತ್ತೆಯರು, ಅಜ್ಜಿಯರು, ಕಿವಿ ನೆಟ್ಟಗೆ ಮಾಡಿದ ನೆರೆಹೊರೆ... ಶುಭ ಕಾರ್ಯದ ಮನೆ. ಈ ಮಾತನ್ನು ಹೇಗೆ ಆಡುವುದು?

"ಹೂಂ... ಭಯ," ಎಂದಳಷ್ಟೇ.

ಅವನ ಕಣ್ಣಿನಲ್ಲಿ ಏನೋ ಆರಿತು. "ಸರಿ. ನಿಮ್ಮ ಕೆಲಸ ಉಳೀಲಿ," ಎಂದು ಅಡುಗೆಮನೆಯ ಹಿಂದೆ ನಡೆದು, ಸ್ಟೂಲಿನ ಮೇಲೆ ಕೂತು ತೋಳು ಚಾಚಿದ. ಈ ಸಲ ಅವಳನ್ನು ನೋಡಲಿಲ್ಲ.

* * *

ಲ್ಯಾಬಿನ ಯಂತ್ರಕ್ಕೆ ಆತುರವೆಂದರೆ ಏನೆಂದು ಗೊತ್ತಿಲ್ಲ. ವೆನಿಂಗ್ ಕೂತಳು, ಎದ್ದಳು, ಕೈ ತೊಳೆದಳು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

ದೇವರೇ, ಏರದಿರಲಿ. ಮದುವೆ ಮನೆಗೆ ನುಗ್ಗಿದ ಹುಚ್ಚಿ ಅಂತ ನಗಲಿ ಎಲ್ಲರೂ. ಕೆಲಸ ಹೋಗಲಿ. ಏರದಿರಲಿ!

ಪರದೆ ಮಿನುಗಿತು.

ನಾನೂರ ಅರವತ್ತು.

ಹನ್ನೊಂದರಿಂದ... ನಾನೂರ ಅರವತ್ತು!

ಫೋನಿನಲ್ಲಿ ಡಾಕ್ಟರ್ ಲಾರಸ್ ಒಂದು ಕ್ಷಣವೂ ಯೋಚಿಸಲಿಲ್ಲ. "ನೋವು ಇನ್ನೂ ಇದ್ಯಾ? ಆಂಬುಲೆನ್ಸ್ ಕಳಿಸ್ತೀನಿ. ಆಂಜಿಯೋಗೆ ತಯಾರಿ ಮಾಡಿಸ್ತೀನಿ. ಮನೆ ನಿಂಗೆ ಗೊತ್ತಲ್ಲ? ನೀನೂ ಅದರಲ್ಲೇ ಹೋಗು."

ಕಮಾನಿನ ಮುಂದೆ ಆಂಬುಲೆನ್ಸ್ ನಿಂತದ್ದನ್ನು ಕಂಡು ಗಮೆಲಾನ್ ವಾದ್ಯವನ್ನು ಯಾರೋ ನಿಲ್ಲಿಸಿದರು. ಕಾಜಿ ಇನ್ನೂ ಬಂದಿರಲಿಲ್ಲ. ಚಾಪೆಯ ಮೇಲೆ ಗಂಡಿನ ಕಡೆಯವರು, ಎದುರಿಗೆ ಜಾತ್ಮಿಕೊ. ಎಲ್ಲರ ತಲೆಗಳೂ ಬಾಗಿಲ ಕಡೆ ತಿರುಗಿದವು.

ವೆನಿಂಗ್ ಚಪ್ಪಲಿ ಕಳಚುವುದನ್ನೂ ಮರೆತು ಚಾಪೆಯ ನಡುವೆ ನಡೆದು ಹೋದಳು. ತಲೆ ಬಾಗಿಸಲಿಲ್ಲ. ಕ್ಷಮಿಸಿ ಎನ್ನಲಿಲ್ಲ. ಹಿರಿಯರ ಕ್ಷೇಮ ಕೇಳಲಿಲ್ಲ.

"ಏಳಿ ಮಾಸ್. ನಿಮಗೆ ಹಾರ್ಟ್ ಅಟ್ಯಾಕ್ ಆಗ್ತಾ ಇದೆ."

ಗಂಡಿನ ಕಡೆಯವರಲ್ಲಿ ಒಬ್ಬರು ಎದ್ದೇ ನಿಂತರು.

"ಮ್ಬಾಕ್..." ಜಾತ್ಮಿಕೊ ತಡವರಿಸಿದ. "ಇಲ್ಲಿ... ಮೆಲ್ಲಗೆ..."

"ಬೆಳಗ್ಗೆ ಮೆಲ್ಲಗೇ ಹೇಳಿದ್ದೆ. ಅದು ನನ್ನ ತಪ್ಪು. ಈಗ ಜೋರಾಗಿ ಹೇಳ್ತೀನಿ. ಎರಡನೇದು ಕೆಟ್ಟಿದೆ. ತುಂಬ ಕೆಟ್ಟಿದೆ. ನೀವಿಲ್ಲಿ ಕೂತು ನಗ್ತಿರೋ ಹಾಗೇ ನಿಮ್ಮ ಹೃದಯದ ಮಾಂಸ ಸಾಯ್ತಾ ಇದೆ. ಅದು ಮತ್ತೆ ಬೆಳೆಯಲ್ಲ!"

"ಮದುವೆ ಮನೇಲಿ ಸಾವಿನ ಮಾತಾಡ್ತೀಯಾ!" ಬು ಸುಮಾರ್ಸಿ ನುಗ್ಗಿ ಬಂದರು. ಮುಖ ಕೆಂಪಾಗಿತ್ತು, ಬೆರಳುಗಳಲ್ಲಿ ಮುಲಾಮಿನ ಜಿಡ್ಡು. "ಗಾಳಿ ಅದು! ಬರೀ ಗಾಳಿ! ಅವರಪ್ಪನಿಗೂ ಗಾಳೀನೇ ಆಗಿದ್ದು. ನಾನೇ ಉಜ್ಜಿದ್ದೆ, ನನ್ನ ಈ ಕೈಯಲ್ಲೇ..."

ಆ ಕೈಗಳನ್ನು ಆಕೆ ತಾವೇ ನೋಡಿಕೊಂಡರು.

ವೆನಿಂಗ್‌ಗೆ ಆಗ ಅರ್ಥವಾಯಿತು, ಈ ತಾಯಿ ಯಾಕೆ ಗಾಳಿ ಎನ್ನುವುದನ್ನು ಬಿಡಲಾರರು ಎಂದು. ಇದು ಹೃದಯವಾದರೆ, ಗಂಡನಿಗೆ ಆದದ್ದೂ ಹೃದಯವೇ. ಆದರೆ ಅವಳು ಹಿಂದೆ ಸರಿಯಲಿಲ್ಲ.

ಒಳಕೋಣೆಯ ಪರದೆ ಸರಿಯಿತು. ಮದುಮಗಳು ಸೆಕಾರ್! ಹಣೆಯ ಕಪ್ಪು ಅಲಂಕಾರ ಅರ್ಧ ಮಾತ್ರ ಮುಗಿದಿತ್ತು, ಇನ್ನರ್ಧ ಬರಿಯ ಗೆರೆ.

"ಅಣ್ಣ, ಏಳು."

"ಸೆಕಾರ್, ಅಪ್ಪನಿಗೆ ಮಾತು ಕೊಟ್ಟಿದೀನಿ ಕಣೇ. ಕಾಜಿ ಬರ್ಲಿ. ಒಂದೇ ವಾಕ್ಯ..."

"ಆ ವಾಕ್ಯ ಚಿಕ್ಕಪ್ಪ ಹೇಳ್ತಾರೆ. ನೀನು ಇಲ್ಲಿಲ್ದೇ ಇದ್ರೂ ನನ್ನ ಮದುವೆ ಆಗುತ್ತೆ." ಅವಳ ಕಣ್ಣೀರು ಅಲಂಕಾರದ ಮೇಲೆಯೇ ಇಳಿಯಿತು. "ಅಪ್ಪ ಹೋದಾಗ ಸ್ಕೂಲಿಂದ ಕರ್ಕೊಂಡು ಬರೋಕೆ ನೀನು ಬಂದಿದ್ದೆ. ನೀನು ಹೋದ್ರೆ ಯಾರೋ ಬರೋದು?"

ಜಾತ್ಮಿಕೊ ಕಣ್ಣು ಮುಚ್ಚಿದ. ಒಂದು ಉಸಿರು... ಇನ್ನೊಂದು ಉಸಿರು... ಆಮೇಲೆ ಪಕ್ಕದಲ್ಲಿದ್ದ ಚಿಕ್ಕಪ್ಪನ ಕೈ ಹಿಡಿದ.

"ಚಿಕ್ಕಪ್ಪ, ಎಲ್ಲರೂ ಕೇಳಿಸ್ಕೊಳ್ಳಿ. ನನ್ನ ಪರವಾಗಿ ನನ್ನ ತಂಗಿಯ ನಿಕಾಹ್ ನೀವು ಮಾಡಿಕೊಡಿ." ವೆನಿಂಗ್ ಕಡೆ ತಿರುಗಿ, "ನಡೀರಿ. ನಿಮ್ಮ ಜೊತೆ ಜಗಳ ಆಡೋ ಶಕ್ತಿ ನನಗಿಲ್ಲ," ಎಂದ.

ಎದ್ದವನು ವಾಲಿದ. ಬೀಳುವ ಮುಂಚೆ ಅವಳ ಭುಜ ಅವನಿಗೆ ಸಿಕ್ಕಿತು.

* * *

ತಾಯಿಯೂ ಆಂಬುಲೆನ್ಸ್ ಹತ್ತಿದರು. ಮಗನ ಮುಖಕ್ಕೆ ಆಮ್ಲಜನಕ, ನಾಲಿಗೆಯಡಿ ಮಾತ್ರೆ. ದಾರಿಯುದ್ದಕ್ಕೂ ಆಕೆ ಮಗನ ಪಾದ ಹಿಡಿದು ಕೂತಿದ್ದರು. ಆಸ್ಪತ್ರೆಯ ತಿರುವಿನಲ್ಲಿ ವೆನಿಂಗ್ ಕಡೆ ತಿರುಗಿ ಕೇಳಿದರು:

"ಅವರಪ್ಪನಿಗೂ... ಇದೇ ಆಗಿತ್ತಾ ಮಗಳೇ?"

ವೆನಿಂಗ್ ಮಾತನ್ನು ತೂಗಿದಳು. ಈ ಸಲ ತೂಗಲೇಬೇಕಿತ್ತು.

"ಗೊತ್ತಿಲ್ಲ ಬು. ಅವರ ರಕ್ತ ಯಾರೂ ನೋಡಿಲ್ಲ. ನೀವು ಅವತ್ತು ನಿಮಗೆ ಗೊತ್ತಿದ್ದನ್ನ ಮಾಡಿದ್ರಿ."

ಆ ತಾಯಿ ಅವಳ ಕೈಯನ್ನು ಎಳೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಬಿಡಲಿಲ್ಲ.

ಆಂಜಿಯೋ ಕೋಣೆಯ ಬಾಗಿಲಲ್ಲಿ ಅವನ ಗಾಲಿಮಂಚ ನಿಂತಾಗ ವೆನಿಂಗಳ ಫೋನು ಹೊಡೆದುಕೊಂಡಿತು. ಬೆಳಗ್ಗೆ ಅವಳು ಕರೆ ಮಾಡಿದ್ದ ಜಾತ್ಮಿಕೊನ ಫೋನಿನಿಂದ ಅವನ ಚಿಕ್ಕಪ್ಪ! ಕಾಜಿ ಬಂದಿದ್ದರು. ಡಾಕ್ಟರ್ ಲಾರಸ್ ಗಡಿಯಾರ ನೋಡಿದರು, ಅವನ ಮುಖ ನೋಡಿದರು. "ಒಳಗೆ ಇನ್ನೂ ಒಂದು ನಿಮಿಷ ತಯಾರಿ ಇದೆ. ಬೇಗ."

ವೆನಿಂಗ್ ಫೋನನ್ನು ಅವನ ಕಿವಿಗೆ ಹಿಡಿದಳು. ಚಿಕ್ಕಪ್ಪನ ನಡುಗುವ ದನಿ. ಗಂಡಿನ ಉತ್ತರ, ಒಂದೇ ಉಸಿರಿನಲ್ಲಿ. ಆಮೇಲೆ, ನಿಕಾಹ್ ಆಯಿತೆಂದು ಸಾಕ್ಷಿಗಳೂ ಇಡೀ ಚಪ್ಪರವೂ ಒಟ್ಟಿಗೆ ಕೂಗಿದ್ದು:

"ಸಾಹ್! ಸಾಹ್!"

ಅವನ ಕಣ್ಣಂಚಿನಿಂದ ನೀರು ಕಿವಿಯ ಕಡೆ ಹರಿದು ಅವಳ ಬೆರಳುಗಳನ್ನು ತೋಯಿಸಿತು.

ಬಾಗಿಲು ಮುಚ್ಚಿತು.

* * *

ಅವನು ಉಳಿದ. ಮುಚ್ಚಿಹೋಗಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ವಿಷಯ ತಿಳಿದು ವೆನಿಂಗ್ ಬಾತ್ರೂಮಿನ ಬಾಗಿಲು ಹಾಕಿಕೊಂಡು ಅತ್ತಳು.

ಮರುದಿನ ಬೆಳಗ್ಗೆ ವಾರ್ಡಿನ ಕಡೆ ಹೊರಟವಳನ್ನು ತುತಿಕ್ ತಡೆದಳು. ಅವಳ ಮುಖದಲ್ಲಿ ಮುಜುಗರ.

"ವೆನಿಂಗ್... ಅವನು ಹೇಳಿದ್ದಾನೆ. ರಕ್ತ ತೆಗೆಯೋಕೆ ಬೇರೆ ಯಾರನ್ನಾದ್ರೂ ಕಳಿಸಿ ಅಂತ. ನೀನು ಬೇಡವಂತೆ."

"ಯಾಕೆ?"

"ಕೇಳಲಿಲ್ಲ ಕಣೇ."

ಕೇಳುವುದೇನಿದೆ? ತಂಗಿಯ ಮದುವೆಯಲ್ಲಿ ಅವನನ್ನು ಎಬ್ಬಿಸಿ ತಂದವಳು ನಾನು. ಅರ್ಧ ಮಾತು ಹೇಳಿ ಮನೆಗೆ ಕಳಿಸಿದವಳೂ ನಾನೇ. ಆ ಹೊತ್ತಿನಲ್ಲಿ ಸತ್ತ ಮಾಂಸದ ಲೆಕ್ಕ ಯಾರ ತಲೆಯ ಮೇಲೆ?

ಬು ನಾನಿಕ್ ಲಿಖಿತ ಎಚ್ಚರಿಕೆ ಕೊಟ್ಟು ಅವಳನ್ನು ಒಳಕೋಣೆಗೆ ಹಾಕಿದರು. ಅಲ್ಲಿ ಯಂತ್ರಗಳು ಮಾತ್ರ, ರೋಗಿಗಳಿಲ್ಲ. ಅವಳು ಎದುರು ಮಾತಾಡಲಿಲ್ಲ. ಆದರೆ ಅವನ ಹೆಸರಿನ ಟ್ಯೂಬ್ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು. ಟ್ರೊಪೋನಿನ್ ಇಳಿಯಿತು. ಸದ್ಯ! ಹೃದಯಕ್ಕೆ ಎಷ್ಟು ಹೊರೆಯಾಗಿದೆ ಎಂದು ತೋರಿಸುವ ಇನ್ನೊಂದು ಪರೀಕ್ಷೆ ಬಂತು. ಮಿತಿಗಿಂತ ಸ್ವಲ್ಪ ಹೆಚ್ಚು. ಆ ದಿನ ಊಟ ಸೇರಲಿಲ್ಲ. ಅವನು ಮನೆಗೆ ಹೋದ ಮೇಲೆ ಟ್ಯೂಬ್‌ಗಳೂ ಬರುವುದು ನಿಂತವು. ಆಗಲಾದರೂ ನೆಮ್ಮದಿ ಸಿಗಬೇಕಿತ್ತಲ್ಲವೇ? ಎಲ್ಲಿಯ ನೆಮ್ಮದಿ! ರಸ್ತೆಯಲ್ಲಿ ಲಾರಿ ಹೋದರೂ ಅದರ ಹಿಂದಿನ ಚಿತ್ರಕ್ಕೆ ಕಣ್ಣು ಓಡುತ್ತಿತ್ತು.

ಒಂದು ತಿಂಗಳಾದ ಮೇಲೆ ಒಂದು ದಿನ, ಪಾಳಿ ಮುಗಿಸಿ ಹಿಂಬಾಗಿಲಿನಿಂದ ಹೊರಬಂದವಳು ಹಾಗೆಯೇ ನಿಂತುಬಿಟ್ಟಳು.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಜಾತ್ಮಿಕೊ ಕೂತಿದ್ದ. ಸೊರಗಿ ಹೋಗಿದ್ದ. ಆದರೆ ಮುಖದಲ್ಲಿ ಬಣ್ಣ ಮರಳಿತ್ತು.

"ಚೆಕಪ್‌ಗೆ ಬಂದಿದ್ದೆ," ಎಂದ. "ಲ್ಯಾಬಿನ ಕಿಟಕಿಯಲ್ಲಿ ನಿಮ್ಮನ್ನ ಕೇಳ್ದೆ. ಒಳಕೋಣೆ ಕೆಲಸಕ್ಕೆ ಹಾಕಿದ್ದಾರೆ ಅಂದ್ರು. ನನ್ನಿಂದ ಅಂತೆ."

"ನನ್ನಿಂದ. ತಪ್ಪು ನನ್ನದು."

"ನರ್ಸ್ ತುತಿಕ್ ಎಲ್ಲಾ ಹೇಳಿದ್ರು. ಯಾರೂ ಕೇಳೋ ಮುಂಚೆ ನೀವೇ ಹೋಗಿ ಒಪ್ಕೊಂಡ್ರಂತೆ. ನನ್ನ ಮನೆಗೆ ಬರೋ ಮುಂಚೆನೇ." ಅವನ ದನಿ ಏರಿತು. "ಕೆಲಸ ಉಳಿಸ್ಕೊಳ್ಳೋಳು ಹಾಗೆ ಮಾಡ್ತಾಳಾ? ಮತ್ತೆ ಅವತ್ತು ಕೇಳಿದ್ದಕ್ಕೆ 'ಹೂಂ, ಭಯ' ಅಂದ್ರಲ್ಲ! ಯಾತರ ಭಯ?"

"ನೀವು ಬೇಡ ಅಂದ್ರಿ. ಈಗ ಬಂದು ಜಗಳ ಆಡ್ತಿದ್ದೀರಿ."

"ಬೇಡ ಅಂದಿದ್ದು ಯಾಕೆ ಗೊತ್ತಾ? ನಿಮ್ಮ ಹೆಜ್ಜೆ ಸದ್ದಿಗೆ ಕಿವಿ ಕೊಟ್ಕೊಂಡು ಮಲಗಿದ್ದೆ. ಇವಳು ಕೆಲಸ ಹೋಗುತ್ತೆ ಅಂತ ಹೆದರಿ ಬಂದಿದ್ದಳು ಕಣೋ, ನೀನು ಏನೇನೋ ಅಂದ್ಕೋಬೇಡ ಅಂತ ನನಗೆ ನಾನೇ ಬೈಕೊಂಡೆ. ಆಮೇಲೆ ಡಾಕ್ಟರ್ ಹೇಳಿದ್ರು, ಹೃದಯದ ಒಂದು ಭಾಗ ಸತ್ತಿದೆ ಅಂತ." ಅವನು ತಲೆ ತಗ್ಗಿಸಿದ. "ಅಂಥಾದ್ದನ್ನ ಯಾರಿಗೆ ಕೊಡೋದು ವೆನಿಂಗ್? ನಾಳೆ ಅಪ್ಪನ ಹಾಗೆ ಹೋದ್ರೆ, ಇನ್ನೊಬ್ಬ ಹೆಂಗಸು ಅಮ್ಮನ ಹಾಗೆ ತನ್ನ ಕೈ ನೋಡ್ಕೊಂಡು ಕೂರಬೇಕಾ?"

ಮಾತನ್ನು ತೂಗಲು ಹೋದಳು ವೆನಿಂಗ್. ತಕ್ಕಡಿಯೇ ಸಿಗಲಿಲ್ಲ.

"ನೀವು ಸತ್ತುಹೋಗ್ತೀರಿ ಅಂತ ಭಯ ಇತ್ತು," ಎಂದಳು. "ಅವತ್ತಿಂದ ಇದೆ. ಈಗಲೂ ಇದೆ. ನಿಮ್ಮ ಎಲ್ಲಾ ರಿಪೋರ್ಟೂ ನಾನೇ ಮಾಡಿದ್ದು ಮಾಸ್, ನನಗೆ ಸುಳ್ಳು ಹೇಳೋಕಾಗಲ್ಲ. ಏನೂ ಆಗಲ್ಲ ಅಂತ ನಾನು ಮಾತು ಕೊಡಲ್ಲ. ಮಾತ್ರೆ ತಪ್ಪಿಸ್ಬಾರ್ದು, ಸಿಗರೇಟು ಮುಟ್ಟಬಾರ್ದು, ಆಗಾಗ ರಕ್ತ ನೋಡ್ತಿರ್ಬೇಕು. ಅಷ್ಟು ಮಾಡಿದ್ರೂ ನನಗೆ ಭಯ ಹೋಗಲ್ಲ. ಆದ್ರೆ..."

"ಆದ್ರೆ?"

"ಆದ್ರೆ ಈ ಒಂದು ತಿಂಗಳು ದೂರ ಇದ್ದು ಹೆದರಿ ನೋಡಿದೆ. ಅದು ನನ್ನ ಕೈಲಾಗಲ್ಲ. ಹೆದರೋದೇ ಆದ್ರೆ ಪಕ್ಕದಲ್ಲಿದ್ದು ಹೆದರ್ತೀನಿ. ನಿಮ್ಮನ್ನ ಪ್ರೀತಿಸ್ತೀನಿ. ಇಷ್ಟೇ. ಪೂರ್ತಿ ಹೇಳಿದೀನಿ."

ಜಾತ್ಮಿಕೊ ಅಂಗೈಯಿಂದ ಕಣ್ಣೊರೆಸಿಕೊಂಡ.

"ಸಿಗರೇಟು ಅವತ್ತೇ ಬಿಟ್ಟೆ," ಎಂದ. "ಅಮ್ಮ ಆ ನಾಣ್ಯ ತಗೊಂಡು ಹೋಗಿ ಅಪ್ಪನ ಸಮಾಧಿ ಹತ್ರ ಹೂತು ಬಂದ್ರು. ನಿನ್ನನ್ನ ಕರ್ಕೊಂಡು ಬರ್ದೇ ಇದ್ರೆ ಮನೆಗೆ ಸೇರಿಸಲ್ವಂತೆ. ನೀನು ಟೀ ಪೂರ್ತಿ ಕುಡೀದೇ ಎದ್ದು ಹೋದೆ ಅಂತ ಅತ್ತೆಯರಿಗೆ ಇನ್ನೂ ಕೋಪ."

ವೆನಿಂಗ್ ನಗುತ್ತಾ ಅತ್ತಳು, ಅಳುತ್ತಾ ನಕ್ಕಳು.

ಅವನು ಮೆಲ್ಲಗೆ ಎದ್ದ. "ಡಾಕ್ಟರ್ ದಿನಾ ನಡೀಬೇಕು ಅಂದಿದ್ದಾರೆ. ಬರ್ತೀಯಾ?"

ಇಬ್ಬರೂ ಮರಗಳ ನೆರಳಿನ ರಸ್ತೆಗೆ ಬಂದರು. ಅಭ್ಯಾಸದಂತೆ ವೆನಿಂಗ್ ಬಿರಬಿರನೆ ಹೆಜ್ಜೆ ಹಾಕಿದಳು. ನಾಲ್ಕು ಮಾರು ಮುಂದೆ ಹೋಗಿ ತಿರುಗಿ ನೋಡಿದರೆ ಅವನು ಹಿಂದೆಯೇ ನಿಂತು ನಗುತ್ತಿದ್ದ.

"ಎಲ್ಲಿಗೆ ಓಡ್ತಿದ್ದೀಯಾ? ನಾನು ಇಲ್ಲೇ ಇದ್ದೀನಲ್ಲ!"

ಅವಳು ವಾಪಸ್ ಬಂದು ಅವನ ಪಕ್ಕ ನಿಂತಳು. "ನನಗೆ ನಿಧಾನವಾಗಿ ನಡೆದು ಗೊತ್ತಿಲ್ಲ."

"ನನಗೂ ಹೊಸದು," ಎಂದ ಅವನು, ಕೈ ಚಾಚುತ್ತಾ. "ಹಿಡ್ಕೋ. ಇಬ್ಬರೂ ಕಲಿಯೋಣ."